ಪಶ್ಚಾತ್ತಾಪದ ಪರೀಕ್ಷೆ: ಟಾಲ್‌ಸ್ಟಾಯ್ ಅವರ 'ಪುನರುತ್ಥಾನ'ದಲ್ಲಿ ಆಚರಣೆ ಮತ್ತು ಅಂತರಂಗ

ಕ್ರೈಸ್ತ ಧರ್ಮಚಿಂತನೆಯಲ್ಲಿ ಪಶ್ಚಾತ್ತಾಪವೆಂಬ ಪರಿಕಲ್ಪನೆಗೆ ಎರಡು ಮುಖಗಳಿವೆ. ಹೊಸ ಒಡಂಬಡಿಕೆಯ ಗ್ರೀಕ್ ಪದವಾದ 'ಮೆಟನೋಯಿಯಾ' ಮನಸ್ಸಿನ ಪರಿವರ್ತನೆಯನ್ನು ಸೂಚಿಸಿದರೆ, ಅದಕ್ಕೆ ಲ್ಯಾಟಿನ್ನಿನಲ್ಲಿ ಬಂದ ಪದವು ಕ್ರಮೇಣ ಪಾಪನಿವೇದನೆ, ಪ್ರಾಯಶ್ಚಿತ್ತಗಳ ವಿಧಿಯನ್ನೂ ಒಳಗೊಂಡಿತು. 1517ರಲ್ಲಿ ಮಾರ್ಟಿನ್ ಲೂಥರ್ ಮಂಡಿಸಿದ 95 ಪ್ರಮೇಯಗಳು ಈ ಬಿರುಕಿನಿಂದಲೇ ಆರಂಭವಾಗುತ್ತವೆ. ಕನ್ನಡ ಕ್ರೈಸ್ತ ಪರಿಭಾಷೆಯ 'ಮಾನಸಾಂತರ' ಎಂಬ ಪದ ಗ್ರೀಕ್ ಅರ್ಥಕ್ಕೇ ಹತ್ತಿರವಾದುದು. ವಿಧಿಯನ್ನು ಪೂರೈಸಿದವನ ಮನಸ್ಸು ಬದಲಾಗಿದೆಯೆಂದು ನಿರ್ಣಯಿಸುವವರು ಯಾರು? ಈ ಪ್ರಶ್ನೆಯನ್ನು ಟಾಲ್‌ಸ್ಟಾಯ್ ಅವರ ಕೊನೆಯ ಬೃಹತ್ ಕಾದಂಬರಿ 'ಪುನರುತ್ಥಾನ' (1899) ಎದುರಿಸಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕೃತಿಯನ್ನು ಚರ್ಚ್ ವಿರೋಧಿ ಕಾದಂಬರಿಯೆಂದು ಓದುವುದು ರೂಢಿ. ಸೆರೆಮನೆಯ ಪೂಜಾವಿಧಿಯನ್ನು ಚಿತ್ರಿಸುವ ಅಧ್ಯಾಯಗಳನ್ನು ರಷ್ಯಾದ ಸೆನ್ಸಾರ್ ತೆಗೆದುಹಾಕಿತು. 1901ರಲ್ಲಿ ಪವಿತ್ರ ಸಿನೊಡ್ ಟಾಲ್‌ಸ್ಟಾಯ್ ತನ್ನ ಸದಸ್ಯರಲ್ಲವೆಂದು ಸಾರಿತು. ಆ ಅಧ್ಯಾಯಗಳಲ್ಲಿ ಬೇಡಿ ತೊಟ್ಟ ಕೈದಿಗಳ ಮುಂದೆ ಪಾದ್ರಿಯು ಅವರಿಗೆ ಅರ್ಥವಾಗದ ಪ್ರಾರ್ಥನೆಗಳನ್ನು ಓದುತ್ತಾನೆ. ಅವನು ದುಷ್ಟನಲ್ಲ, ಈ ವೃತ್ತಿಯಿಂದ ಅವನ ಸಂಸಾರ ನಡೆಯುತ್ತಿದೆ, ಮಕ್ಕಳ ಓದು ಸಾಗುತ್ತಿದೆ. ಶಿಲುಬೆಯೇ ಮರಣದಂಡನೆಯ ಸಾಧನವಾಗಿತ್ತೆಂಬುದು ಆ ದಂಡನೆಯ ಮನೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಆದರೆ ಇದೇ ಕಾದಂಬರಿಯಲ್ಲಿ ಈಸ್ಟರ್ ರಾತ್ರಿಯ ಆರಾಧನೆಯೂ ಇದೆಯೆಂಬುದನ್ನು ಮರೆಯಲಾಗದು. ಬಿಳಿಯ ಉಡುಪು ಧರಿಸಿದ ಕತ್ಯೂಷಾ ವಿಕೃತಮುಖದ ಭಿಕ್ಷುಕನೊಬ್ಬನನ್ನು ಹಬ್ಬದ ಪದ್ಧತಿಯಂತೆ ಅಸಹ್ಯಪಡದೆ ಮೂರು ಬಾರಿ ಮುದ್ದಿಸುತ್ತಾಳೆ. ಇದೂ ಆಚರಣೆಯೇ. ಎರಡು ದೃಶ್ಯಗಳ ಅಂತರವಿರುವುದು ವಿಧಿಯಲ್ಲಲ್ಲ, ಎದುರಿಗಿರುವ ಮನುಷ್ಯನನ್ನು ಅದು ಕಾಣಿಸುತ್ತದೆಯೋ ಮರೆಸುತ್ತದೆಯೋ ಎಂಬುದರಲ್ಲಿ. ಆ ರಾತ್ರಿಯ ಪಾವಿತ್ರ್ಯವೂ ನೆಖ್ಲ್ಯೂದೊವ್‌ನನ್ನು ತಡೆಯುವುದಿಲ್ಲ. ಅದೇ ಹಬ್ಬದ ದಿನಗಳಲ್ಲಿ ಅವನು ಅವಳನ್ನು ಕೆಡಿಸಿ, 100 ರೂಬಲ್‌ಗಳನ್ನು ಕೈಗೆ ತುರುಕಿ ಹೊರಟುಹೋಗುತ್ತಾನೆ.

ವರ್ಷಗಳ ಬಳಿಕ ಕೊಲೆಯ ಆರೋಪ ಹೊತ್ತ ಅವಳ ವಿಚಾರಣೆಯಲ್ಲಿ ಅವನು ಜ್ಯೂರಿಯ ಸದಸ್ಯ. ಕೊಲ್ಲುವ ಉದ್ದೇಶವಿರಲಿಲ್ಲವೆಂಬ ಮಾತನ್ನು ತೀರ್ಮಾನದಲ್ಲಿ ಸೇರಿಸಲು ಜ್ಯೂರಿ ಮರೆತದ್ದರಿಂದ ಅವಳಿಗೆ ನಾಲ್ಕು ವರ್ಷಗಳ ಕಠಿಣ ಶಿಕ್ಷೆಯಾಗುತ್ತದೆ. ಇಲ್ಲಿಂದ ನೆಖ್ಲ್ಯೂದೊವ್‌ನ ಪಶ್ಚಾತ್ತಾಪ ಆರಂಭ. ಆದರೆ ಟಾಲ್‌ಸ್ಟಾಯ್ ಅದನ್ನೂ ಸಂಶಯದಿಂದಲೇ ನೋಡುತ್ತಾರೆ. ಅವನ ಕಣ್ಣೀರಿನಲ್ಲಿ ಎಚ್ಚೆತ್ತ ಆತ್ಮದ ಜೊತೆಗೆ ತನ್ನ ಸದ್ಗುಣಕ್ಕೆ ತಾನೇ ಕರಗಿದ ಮೋಹವೂ ಇದೆಯೆಂದು ನಿರೂಪಕ ಗುರುತಿಸುತ್ತಾನೆ. ಮದುವೆಯಾಗುವೆನೆಂದು ಅವನು ಹೇಳಿದಾಗ ಕತ್ಯೂಷಾಳ ಸಿಟ್ಟು ಸ್ಫೋಟಗೊಳ್ಳುತ್ತದೆ: ಈ ಲೋಕದಲ್ಲಿ ಅವಳಿಂದ ಸುಖ ಪಡೆದವನು ಪರಲೋಕದಲ್ಲಿಯೂ ಅವಳ ಮೂಲಕವೇ ಪಾರಾಗಲು ಹೊರಟಿದ್ದಾನೆ ಎಂಬುದು ಅವಳ ಆರೋಪ. ಕಾದಂಬರಿಯ ನೈತಿಕ ಕೇಂದ್ರ ಇದು. ಅಂತರಂಗದ ಪಶ್ಚಾತ್ತಾಪವೂ ತನ್ನ ಮುಕ್ತಿಯನ್ನೇ ಗುರಿಯಾಗಿಸಿಕೊಂಡರೆ ಇನ್ನೊಂದು ಟೊಳ್ಳು ವಿಧಿಯಾಗುತ್ತದೆ. ಅದನ್ನು ಅಳೆಯುವ ಹಕ್ಕು ಪಾದ್ರಿಗಾಗಲಿ ಪಾಪಿಗಾಗಲಿ ಸೇರಿದ್ದಲ್ಲ, ನೊಂದವಳಿಗೆ ಸೇರಿದ್ದು.

ಮುಂದೆ ಅವನು ಭೂಮಿಯ ಮೇಲಿನ ತನ್ನ ಹಕ್ಕನ್ನು ರೈತರಿಗೆ ಬಿಡಲು ಮುಂದಾಗುತ್ತಾನೆ, ಕೈದಿಗಳ ಅಹವಾಲು ಹೊತ್ತು ಕಚೇರಿಗಳಿಗೆ ಅಲೆಯುತ್ತಾನೆ, ಸೈಬೀರಿಯಾದವರೆಗೆ ಅವಳನ್ನು ಹಿಂಬಾಲಿಸುತ್ತಾನೆ. ಭಾವುಕತೆ ದುಡಿಮೆಯಾಗಿ ಮಾರ್ಪಡುವುದು ಹೀಗೆ. ಆದರೂ ಕತ್ಯೂಷಾ ಅವನನ್ನು ನಿರಾಕರಿಸಿ, ರಾಜಕೀಯ ಕೈದಿ ಸಿಮೊನ್ಸನ್‌ನೊಡನೆ ಬಾಳಲು ನಿರ್ಧರಿಸುತ್ತಾಳೆ. ಅವನನ್ನು ಪ್ರೀತಿಸುತ್ತಲೇ ಅವಳು ಬಿಡುಗಡೆ ಮಾಡುತ್ತಾಳೆ. ಪಶ್ಚಾತ್ತಾಪಕ್ಕೆ ಪ್ರತಿಫಲವಿಲ್ಲ ಎಂಬುದನ್ನು ಇಷ್ಟು ನಿಷ್ಠುರವಾಗಿ ಹೇಳಿದ ಕೃತಿಗಳು ವಿರಳ.

ಕೃತಿಯ ಮುಕ್ತಾಯ ಮಾತ್ರ ಈ ನಿಷ್ಠುರತೆಯನ್ನು ಉಳಿಸಿಕೊಂಡಿಲ್ಲ. ನಾಯಕ ಮತ್ತಾಯನ ಸುವಾರ್ತೆಯನ್ನು ತೆರೆದು ಸಕಲ ಸಮಸ್ಯೆಗಳಿಗೂ ಉತ್ತರ ಕಂಡುಕೊಳ್ಳುತ್ತಾನೆ. ಸುವಾರ್ತೆಯ ವಾಕ್ಯದಿಂದ ಎಲ್ಲವನ್ನೂ ಬಗೆಹರಿಸುವುದು ಅತಿಯಾದ ಧರ್ಮಶಾಸ್ತ್ರವೆಂದು ಚೆಕೊವ್ 1900ರ ಪತ್ರವೊಂದರಲ್ಲಿ ಆಕ್ಷೇಪಿಸಿದ್ದು ಸರಿಯಾಗಿಯೇ ಇದೆ. ಕತ್ಯೂಷಾಳ ಧ್ವನಿ ಅಡಗಿದ ಮೇಲೆ ಬರುವ ಈ ಪುಟಗಳಲ್ಲಿ ಪ್ರಶ್ನಿಸುವವರೇ ಇಲ್ಲ. ಆದರೆ ಕಾದಂಬರಿಯ ಹೊರಗೊಂದು ಉತ್ತರವಿದೆ. ಸೈನ್ಯಸೇವೆಯನ್ನು ನಿರಾಕರಿಸಿ ಕಿರುಕುಳಕ್ಕೊಳಗಾದ ದುಖೊಬೋರ್ ಪಂಥದವರು ಕೆನಡಾಕ್ಕೆ ವಲಸೆ ಹೋಗಲು ಟಾಲ್‌ಸ್ಟಾಯ್ ಈ ಕೃತಿಯ ಗೌರವಧನವನ್ನು ಮುಡಿಪಾಗಿಟ್ಟರು. ಕೊನೆಯ ಪುಟಗಳ ಉಪದೇಶಕ್ಕಿಂತ ಈ ಕ್ರಿಯೆಯೇ 'ಮಾನಸಾಂತರ'ದ ಅರ್ಥಕ್ಕೆ ಹೆಚ್ಚು ಸಮೀಪವಾದುದು.