ಮೂರು ಕುರ್ಚಿಗಳು ಮತ್ತು ನಮ್ಮ ಜಗಲಿ

ಮಕ್ಕಳು ಮಾತನಾಡುವುದನ್ನೇ ಮರೆಯುತ್ತಿದ್ದಾರೆ ಎಂಬ ಕಳವಳ ಇಂದು ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಬಂಧುಗಳು ಬಂದರೆ ತಲೆಯೆತ್ತಿ ನೋಡುವುದಿಲ್ಲ; ಕೇಳಿದ್ದಕ್ಕೆ ಒಂದೇ ಪದದ ಉತ್ತರ; ಕೈಯಲ್ಲಿನ ಮೊಬೈಲು ಕಸಿದುಕೊಂಡರೆ ಮಾತ್ರ ದನಿ ಏರುತ್ತದೆ. ಚಿತ್ರದುರ್ಗದ ಮನೆಗೂ ಹೊಳಲ್ಕೆರೆಯ ಮನೆಗೂ ಈ ದೂರು ಸಮಾನ. ಇದನ್ನು ಆಳವಾಗಿ ಪರಿಶೀಲಿಸಿದ ಗ್ರಂಥಗಳಲ್ಲಿ ಅಮೆರಿಕದ ಪ್ರಾಧ್ಯಾಪಕಿ ಶೆರಿ ಟರ್ಕಲ್ ಅವರ ‘ರಿಕ್ಲೇಮಿಂಗ್ ಕಾನ್ವರ್ಸೇಷನ್’ (೨೦೧೫) ಮುಖ್ಯವಾದುದು. ಅದನ್ನು ನಮ್ಮ ಜಿಲ್ಲೆಯ ಬದುಕಿನ ಎದುರಿಗಿಟ್ಟು, ಎಲ್ಲಿ ಒಪ್ಪಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂದು ವಿವೇಚಿಸುವುದು ಈ ಲೇಖನದ ಉದ್ದೇಶ.

ಟರ್ಕಲ್ ತಂತ್ರಜ್ಞಾನದ ವೈರಿಯಲ್ಲ, ಮಾತುಕತೆಯ ಪಕ್ಷಪಾತಿ. ಹತ್ತೊಂಬತ್ತನೆಯ ಶತಮಾನದ ಚಿಂತಕ ಥೋರೋ ತನ್ನ ಕುಟೀರದಲ್ಲಿ ಮೂರು ಕುರ್ಚಿಗಳನ್ನಿಟ್ಟಿದ್ದ: ಒಂದು ಏಕಾಂತಕ್ಕೆ, ಎರಡು ಸ್ನೇಹಕ್ಕೆ, ಮೂರು ಸಮಾಜಕ್ಕೆ. ಲೇಖಕಿ ತಮ್ಮ ಗ್ರಂಥವನ್ನು ಈ ಕುರ್ಚಿಗಳ ಕ್ರಮದಲ್ಲಿಯೇ ಕಟ್ಟಿದ್ದಾರೆ. ತನ್ನೊಡನೆ ತಾನು ಸುಮ್ಮನೆ ಕೂರಲಾರದವನು ಪರರೊಡನೆಯೂ ನೆಮ್ಮದಿಯಿಂದ ಕೂರಲಾರ. ಎದುರಿಗಿರುವವರ ಕಣ್ಣನ್ನು, ದನಿಯ ಏರಿಳಿತವನ್ನು, ಮಾತಿನ ನಡುವಿನ ಮೌನವನ್ನು ಗಮನಿಸುತ್ತಲೇ ಮಗು ಪರರ ನೋವನ್ನು ತನ್ನದಾಗಿಸಿಕೊಳ್ಳಲು ಕಲಿಯುತ್ತದೆ ಎಂಬುದು ಅವರ ವಾದದ ಸಾರ.

ಈ ವಾದಕ್ಕೆ ಆಧಾರವೂ ಇದೆ. ೨೦೧೪ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಹನ್ನೊಂದು-ಹನ್ನೆರಡರ ವಯಸ್ಸಿನ ೫೧ ಮಕ್ಕಳನ್ನು ಐದು ದಿನಗಳ ಹೊರಾಂಗಣ ಶಿಬಿರದಲ್ಲಿ ಪರೀಕ್ಷಿಸಿದರು. ಅಲ್ಲಿ ಟಿ.ವಿ., ಮೊಬೈಲು, ಕಂಪ್ಯೂಟರು ಯಾವುದೂ ಇರಲಿಲ್ಲ. ಎಂದಿನಂತೆ ಪರದೆಗಳನ್ನು ಬಳಸುತ್ತಿದ್ದ ಮಕ್ಕಳಿಗಿಂತ ಇವರು ಮುಖಭಾವವನ್ನು ಗುರುತಿಸುವುದರಲ್ಲಿ ಹೆಚ್ಚು ಸುಧಾರಿಸಿದ್ದರು. ಇದು ಭರವಸೆಯ ಮಾತು: ಕಳೆದುದು ಐದೇ ದಿನಗಳಲ್ಲಿ ಮರಳತೊಡಗುತ್ತದೆ. ಆದರೆ ಆ ಶಿಬಿರದಲ್ಲಿ ಪರದೆ ಇರಲಿಲ್ಲವೆಂಬುದಷ್ಟೇ ಅಲ್ಲ, ಜೊತೆಗಾರರೂ ಇದ್ದರು. ಗುಣ ಬಂದದ್ದು ಪರದೆಯ ಅಭಾವದಿಂದಲೋ, ಜನರ ಸಹವಾಸದಿಂದಲೋ? ಈ ಪ್ರಶ್ನೆಯನ್ನು ನಾವು ಕೈಬಿಡಬಾರದು.

ಗ್ರಂಥದ ದೊಡ್ಡ ಗುಣವೆಂದರೆ ಮಕ್ಕಳನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸದಿರುವುದು. ಊಟದ ಹೊತ್ತಿನಲ್ಲಿ ತಂದೆತಾಯಿಯರೇ ಫೋನಿನಿಂದ ಕಣ್ಣು ತೆಗೆಯುವುದಿಲ್ಲವೆಂದು ದೂರುವ ಮಕ್ಕಳು ಅಲ್ಲಿ ಬರುತ್ತಾರೆ. ನಮ್ಮಲ್ಲಿಯೂ ಸ್ಥಿತಿ ಬೇರೆಯಲ್ಲ. ಅಳುವ ಕೂಸಿಗೆ ತುತ್ತುಣಿಸಲು ಮೊದಲು ಮೊಬೈಲು ಕೊಟ್ಟವರು ನಾವೇ; ಹತ್ತು ವರ್ಷಗಳ ಮೇಲೆ ಅದು ಕೈಬಿಡುತ್ತಿಲ್ಲವೆಂದು ಮರುಗುವವರೂ ನಾವೇ.

ಆದರೆ ಪರಿಹಾರದ ಮಾತಿಗೆ ಬಂದಾಗ ಗ್ರಂಥ ನಮಗೆ ಅರ್ಧ ದಾರಿಯಷ್ಟೇ ಜೊತೆ ಬರುತ್ತದೆ. ಅಡುಗೆಮನೆ, ಊಟದ ಮೇಜು, ಕಾರು ಇವು ಫೋನಿಲ್ಲದ ಪವಿತ್ರ ತಾಣಗಳಾಗಲಿ ಎಂಬುದು ಲೇಖಕಿಯ ಸಲಹೆ. ಒಳ್ಳೆಯದೇ. ಆದರೆ ನಮ್ಮ ಮಕ್ಕಳು ಮಾತು ಕಲಿತದ್ದು ಮನೆಯೊಳಗೆ ಮಾತ್ರವಲ್ಲ. ಹಿರಿಯೂರು, ಹೊಸದುರ್ಗಗಳ ಪೇಟೆಬೀದಿಯ ಅಂಗಡಿಯನ್ನೇ ನೋಡೋಣ. ಶಾಲೆ ಬಿಟ್ಟ ಹುಡುಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ಮಳೆಯೇನು, ಶೇಂಗಾ ಹೇಗಿದೆ ಎಂಬ ಮಾತನ್ನು ಕೇಳುತ್ತಿದ್ದ. ಉದ್ರಿ ಕೇಳಲು ಬಂದವರ ಸಂಕೋಚವನ್ನು ಮುಖದಲ್ಲೇ ಓದುತ್ತಿದ್ದ. ಇಂದು ಹಣ ಸಂದಾಯವಾಯಿತೆಂದು ಪುಟ್ಟ ಪೆಟ್ಟಿಗೆಯೇ ಕೂಗಿ ಹೇಳುತ್ತದೆ. ಲೆಕ್ಕ ಚುಕ್ತಾ ಆಯಿತು. ಮಾತಿಗೆ ಎಡೆ ತಪ್ಪಿತು. ಥೋರೋನ ಕುರ್ಚಿಗಳನ್ನು ಎಣಿಸಬಹುದು. ನಮ್ಮ ಜಗಲಿಯಲ್ಲಿ ಎಷ್ಟು ಜನ ಕೂರಬಹುದೆಂದು ಯಾರೂ ಎಣಿಸಿರಲಿಲ್ಲ.

ಈ ಜಗಲಿಯ ಬೆಲೆ ೨೦೨೦ರಲ್ಲಿ ನಮ್ಮ ರಾಜ್ಯಕ್ಕೆ ತಿಳಿಯಿತು. ಕೊರೋನಾದಿಂದ ಶಾಲೆ ಮುಚ್ಚಿದಾಗ, ಎಳೆಯ ಮಕ್ಕಳಿಗೆ ಆನ್‌ಲೈನ್ ತರಗತಿ ಕೂಡದೆಂದು ಸರ್ಕಾರ ಜೂನ್‌ನಲ್ಲಿ ನಿರ್ಬಂಧಿಸಿತು. ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಯೋಜನೆ ಬಂದಿತು. ಅದರಲ್ಲಿ ಮಕ್ಕಳನ್ನು ಇಂಟರ್ನೆಟ್ ಉಳ್ಳವರು, ಬರಿಯ ಫೋನುಳ್ಳವರು, ಏನೂ ಇಲ್ಲದವರು ಎಂದು ಮೂರಾಗಿ ವಿಂಗಡಿಸಲಾಯಿತು. ಮಗುವನ್ನು ಅದರ ಕೈಯಲ್ಲಿರುವ ಯಂತ್ರದಿಂದ ಗುರುತಿಸುವ ಕಾಲ ಬಂದಿತಲ್ಲ ಎಂಬುದು ವಿಷಾದದ ಸಂಗತಿ. ಆದರೂ ಯೋಜನೆಯ ಜೀವಾಳ ಆ ವಿಂಗಡಣೆಯಲ್ಲಿರಲಿಲ್ಲ; ಶಿಕ್ಷಕರು ಓಣಿಗೆ ಬಂದು, ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ, ಜಗಲಿಯ ಮೇಲೆ ಮಕ್ಕಳ ಎದುರಿಗೆ ಕುಳಿತುದರಲ್ಲಿತ್ತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಜೀವದ ಪ್ರಶ್ನೆ ಎದುರಾದಾಗ ನಿಲ್ಲಿಸಿದ್ದು ತಪ್ಪೆನ್ನಲಾಗದು. ಶಾಲೆಗಳು ತೆರೆದ ಮೇಲೆ ಆ ಜಗಲಿಯನ್ನು ನಾವು ಮರೆತುದು ಮಾತ್ರ ತಪ್ಪು.

ನೆರೆಯ ರಾಜ್ಯದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ ೨೦೨೨ರ ಆಗಸ್ಟ್‌ನಲ್ಲಿ ಒಂದು ನಿಯಮ ಮಾಡಿಕೊಂಡಿತು. ಸಂಜೆ ೭ ಗಂಟೆಗೆ ಗುಡಿಯ ಸೈರನ್ ಮೊಳಗಿದೊಡನೆ ಟಿ.ವಿ., ಮೊಬೈಲುಗಳನ್ನು ಬದಿಗಿಟ್ಟು, ೮.೩೦ರವರೆಗೆ ಓದು, ಮಾತುಕತೆ. ಒಂದು ಮನೆಯ ಸಂಕಲ್ಪ ಪಕ್ಕದ ಮನೆಯ ಟಿ.ವಿ.ಯ ಸದ್ದಿಗೆ ಸೋಲುತ್ತದೆ. ಊರೇ ಸಂಕಲ್ಪಿಸಿದಾಗ ಮಗುವಿಗೆ ತಾನೊಬ್ಬನೇ ವಂಚಿತನೆಂಬ ಭಾವ ಬಾರದು. ಟರ್ಕಲ್ ಅವರ ಗ್ರಂಥದಲ್ಲಿ ನಮಗೆ ಕೊರತೆಯೆನಿಸುವುದು ಈ ಸಾಮುದಾಯಿಕ ನೆಲೆಯೇ.

ಹಾಗೆಂದು ಫೋನನ್ನು ಪಾಪದ ವಸ್ತುವೆಂದು ಸಾರುವುದು ಸತ್ಯವಾಗದು. ಬೆಂಗಳೂರಿನಲ್ಲಿ ದುಡಿಯುವ ತಂದೆಯ ಮುಖವನ್ನು ಹೊಳಲ್ಕೆರೆಯ ಮಗು ಪ್ರತಿರಾತ್ರಿ ಕಾಣುವುದು ಅದರಿಂದಲೇ. ಕೇಳಬೇಕಾದ ಪ್ರಶ್ನೆ ಬೇರೆ: ಫೋನು ಕಿತ್ತುಕೊಂಡ ಮೇಲೆ ತೆರವಾದ ಆ ಜಾಗದಲ್ಲಿ ಯಾರು ಬಂದು ಕೂರುತ್ತಾರೆ? ಯಾರೂ ಬಾರದಿದ್ದರೆ ಅದು ಬರಿಯ ಶಿಕ್ಷೆ.

ಜೀವಿಗಳ ಪರಸ್ಪರೋಪಕಾರವನ್ನು ತತ್ತ್ವಾರ್ಥಸೂತ್ರದಿಂದ ಕಲಿತ ಸಮಾಜಕ್ಕೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ದೇವಾಲಯ ಟ್ರಸ್ಟುಗಳು ವಾರಕ್ಕೊಂದು ಸಂಜೆ ಅಂಗಳವನ್ನು ಮಕ್ಕಳಿಗೆ ತೆರೆದಿಡಲಿ. ಉಪನ್ಯಾಸ ಬೇಡ, ಬಹುಮಾನವೂ ಬೇಡ. ಹಿರಿಯರು ತಮ್ಮ ಫೋನನ್ನು ಮನೆಯಲ್ಲಿಯೇ ಬಿಟ್ಟು ಬಂದು, ಮಕ್ಕಳು ಹೇಳುವುದನ್ನು ಕೇಳುತ್ತ ಕೂರಲಿ. ಮಕ್ಕಳು ಮಾತನಾಡಲಾರರೋ, ಕೇಳುವವರು ಇಲ್ಲವಾಗಿದ್ದಾರೋ ಎಂಬುದು ಅಲ್ಲಿ ತಾನಾಗಿಯೇ ತಿಳಿಯುತ್ತದೆ.