ಪೀಣ್ಯದ ಸಂಜೆಗೆ ಯಾವ ಶಟರ್?

ಪುಟ್ಟ ಫಿಲ್ಮ್ ಕ್ಯಾಮೆರಾಗಳಲ್ಲಿ ಒಲಿಂಪಸ್ ಎಕ್ಸ್‌ಎ, ಎಕ್ಸ್‌ಎ2 ಅಣ್ಣ ತಮ್ಮಂದಿರು. ಯೋಶಿಹಿಸಾ ಮೈತಾನಿ ರೂಪಿಸಿದ ಅಣ್ಣ ಬಂದದ್ದು 1979ರಲ್ಲಿ, ತಮ್ಮ ಮರುವರ್ಷ. ಅದೇ ಕಪ್ಪು ಮೈ, ಅದೇ ಸರಿಯುವ ಮುಚ್ಚಳ, ಅದೇ ಕೆಂಪು ಗುಂಡಿ. ಅಣ್ಣನಿಗೆ 35 ಮಿ.ಮೀ. ಎಫ್/2.8 ಜೂಯಿಕೊ ಲೆನ್ಸ್, ಆರು ಗಾಜು, ತಮ್ಮನಿಗೆ ಎಫ್/3.5, ನಾಲ್ಕೇ ಗಾಜು. ಫಿಲ್ಮ್ ಹುಚ್ಚು ಹಿಡಿದ ವೈಟ್‌ಫೀಲ್ಡ್‌ನ ಗೆಳೆಯರಿಗೆ ನಾನು ಹೇಳುವುದು ಒಂದೇ: ಗಾಜು ಎಣಿಸಬೇಡಿ, ಶಟರ್ ನೋಡಿ.

ಐಟಿಪಿಎಲ್ ಎದುರಿನ ನಡುಹಗಲ ಬಿಸಿಲು, ಒಳಗೆ ಐಎಸ್‌ಒ 400 ಫಿಲ್ಮ್. ಅಣ್ಣನ ಶಟರ್ 1/500ರಾಚೆ ಓಡದು. ಎಫ್/16ರ ಆಸುಪಾಸಿಗೆ ಇಳಿಯಲೇಬೇಕು. ತಮ್ಮನಲ್ಲಿ ಶಟರಿನ ಎಲೆಗಳೇ ಅಪರ್ಚರ್ ಕೂಡ. ವೇಗ 1/750ರತ್ತ ಏರಿದಂತೆ ಕಿಂಡಿ ತಾನಾಗಿ ಕಿರಿದಾಗುತ್ತದೆ. ಅಷ್ಟು ಸಣ್ಣ ಕಿಂಡಿಯಲ್ಲಿ ಎರಡು ಲೆನ್ಸುಗಳ ಚಿತ್ರವನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಹಗಲಲ್ಲೇ ತಿರುಗುವವರು ಆರು ಗಾಜಿಗೆ ಸುರಿದ ಹಣ ದಂಡ.

ಪೀಣ್ಯದ ಶೆಡ್ಡುಗಳಲ್ಲಿ ದೀಪ ಹತ್ತಿದ ಮೇಲೆ ಮಾತೇ ಬೇರೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. 1/250ರಲ್ಲಿ ಹೊಡೆದರೆ ಒಂದು ಮಿಡಿತವೂ ಪೂರ್ತಿ ದಕ್ಕದೆ ಒಂದು ಫ್ರೇಮ್ ಬೆಳಗಿ ಮುಂದಿನದು ಮಂಕಾದೀತು. 1/50ಕ್ಕೆ ಇಳಿಸಿದರೆ ಎರಡು ಮಿಡಿತ ಸಿಗುತ್ತವೆ, ಬೆಳಕು ಸಮನಾಗುತ್ತದೆ. ಅಣ್ಣನ ವ್ಯೂಫೈಂಡರಿನಲ್ಲಿ ವೇಗ ತೋರಿಸುವ ಮುಳ್ಳಿದೆ, ಎಫ್/4ಕ್ಕೋ 5.6ಕ್ಕೋ ತಿರುಗಿಸಿ ಮುಳ್ಳನ್ನು ಬೇಕಾದಲ್ಲಿ ತಂದು ನಿಲ್ಲಿಸಬಹುದು. ತಮ್ಮನಲ್ಲಿ ವೇಗ ಎಷ್ಟೆಂದು ಕಾಣದು, ಬದಲಿಸಲೂ ಆಗದು. ಕಿಂಡಿ ಅಗಲವಾದಾಗ ಫೋಕಸ್ ತಪ್ಪಬಾರದು, ದೂರ ಅಳೆಯುವ ಅಣ್ಣನ ರೇಂಜ್‌ಫೈಂಡರಿನ ಬೆಲೆ ತಿಳಿಯುವುದೂ ಇಲ್ಲೇ. ತಮ್ಮನಿಗಿರುವುದು ದೂರದ ಮೂರು ಗುರುತು ಮಾತ್ರ.

ಅಣ್ಣನಿಗೂ ಒಂದು ಊನ. ಮುಚ್ಚಳದೊಳಗೆ ಅಡಗಲೆಂದು ಲೆನ್ಸನ್ನು ಗಿಡ್ಡ ಮಾಡಿದ್ದರಿಂದ ಪೂರ್ತಿ ತೆರೆದಾಗ ಮೂಲೆಗಳು ಕಪ್ಪಿಡುತ್ತವೆ. ಲೇತ್ ಮುಂದೆ ಬಾಗಿ ನಿಂತವರ ಮುಖಕ್ಕೆ ಆ ಕಪ್ಪು ಒಪ್ಪುತ್ತದೆ. ಸಂಜೆಗೆ ನನ್ನ ಮತ ಅಣ್ಣನಿಗೇ.

ಆದರೆ ಎರಡರ ಶಟರೂ ಸೆಲ್ ನಂಬಿದ ವಿದ್ಯುತ್ಕಾಂತದವು. ಸರ್ಕ್ಯೂಟ್ ಸತ್ತರೆ ಇನ್ನೊಂದು ಕ್ಯಾಮೆರಾ ಬಿಚ್ಚಿ ಬಿಡಿಭಾಗ ತರಬೇಕು. ಹಿಂದಿನ ಯಾಂತ್ರಿಕ ಶಟರುಗಳು ಗಡಿಯಾರದವರ ಕಸುಬಿಗೆ ಸೇರಿದ್ದವು: ಸೈಕೋಶಾ ಶಟರ್ ಸೈಕೋ ಮನೆತನದ್ದು, ಸಿಟಿಜನ್ ಕೂಡ ಶಟರ್ ಮಾಡಿತ್ತು. ಅದೇ ಸಿಟಿಜನ್ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. ಜಾಲಹಳ್ಳಿ-ಪೀಣ್ಯದ ಆಸುಪಾಸಿನಲ್ಲಿ ಗಡಿಯಾರ ಬಿಚ್ಚಿ ಪಳಗಿದ ಕೈಗೆ ಸ್ಪ್ರಿಂಗ್, ಹಲ್ಲುಚಕ್ರದ ಭಾಷೆ ಹೊಸದಲ್ಲ.

ಅದಕ್ಕೇ, ಬಹುಕಾಲ ಬಾಳುವ ಪುಟ್ಟ ಕ್ಯಾಮೆರಾ ಬೇಕೆಂದವರಿಗೆ ನಾನು ತೋರಿಸುವುದು 1966ರ ರೋಲೈ 35. ಅದರ ಕಾಂಪೂರ್ ಶಟರಿಗೆ ಸೆಲ್ ಬೇಡ. ಬ್ಯಾಟರಿ ಬೇಕಿರುವುದು ಮೀಟರಿಗೆ ಮಾತ್ರ. ಕೊಳ್ಳುವ ಮುನ್ನ ವೇಗವನ್ನು 1/2 ಸೆಕೆಂಡಿಗಿಟ್ಟು ಒತ್ತಿ, ಕಿವಿಗೊಡಿ. ಚಕ್ರದ ಸದ್ದು ನಡುವೆ ತಡವರಿಸಿದರೆ ಎಣ್ಣೆ ಗಟ್ಟಿಯಾಗಿದೆ. ಶುಚಿಗೊಳಿಸುವ ಖರ್ಚು ಕಳೆದೇ ಬೆಲೆ ಕೇಳಿ.