ಅಜ್ಜಿಯ ‘ಒಲ್ಲೆ’, ಹೆಲ್ಸಿಂಕಿಯ ‘ಎನ್’

ಕಳ್ಳಕವಟಗಿಯ ದ್ರಾಕ್ಷಿ ತೋಟವೊಂದರಲ್ಲಿ ಕೂತಿದ್ದೆ. ಮೂರನೇ ಸಲ ಚಹಾ ಬಂತು. ಕಟ್ಟೆಯ ಮೇಲಿನ ಅಜ್ಜಿ ಕೈ ಅಡ್ಡ ಹಿಡಿದು ‘ಒಲ್ಲೆ’ ಅಂದಳು. ಸೊಸೆ ಒಳಗಿನಿಂದಲೇ ಕೂಗಿದಳು: ‘ಆಕಿ ಒಲ್ಲಳು, ನೀವರ ತಗೋರಿ.’ ಕಪ್ಪು ಕೈಯಲ್ಲೇ ಉಳಿಯಿತು. ಎರಡು ತಿಂಗಳಿಂದ ಫಿನ್ನಿಶ್ ಮತ್ತು ಟಗಾಲೋಗ್ ವ್ಯಾಕರಣಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೇನೆ. ಒಂದು ಹಿಮದ ನಾಡಿನದು, ಇನ್ನೊಂದು ಮನಿಲಾದ ಸುತ್ತಿನದು. ಎರಡನ್ನೂ ಅಳೆಯಲು ಒಂದು ಕೋಲು ಬೇಕಾಗಿತ್ತು. ಅಜ್ಜಿ ಕೊಟ್ಟಳು.

‘ಒಲ್ಲೆ’ಯಲ್ಲಿ ‘ಇಲ್ಲ’ ಎಂಬುದು ಎಲ್ಲೂ ಇಲ್ಲ, ನೋಡಿ. ನಾ ಒಲ್ಲೆ, ನೀ ಒಲ್ಲಿ, ಅವ ಒಲ್ಲ, ಆಕಿ ಒಲ್ಲಳು, ಅವರು ಒಲ್ಲರು. ಧಾತುವಿಗೆ ಕಾಲ ಸೂಚಿಸುವ ಪ್ರತ್ಯಯ ಹಚ್ಚದೆ ನೇರವಾಗಿ ‘ನಾನು, ನೀನು’ಗಳ ಬಾಲ ಹಚ್ಚಿದರೆ ನಿಷೇಧ ತಾನಾಗಿ ಹುಟ್ಟುತ್ತದೆ. ಹಳಗನ್ನಡದ ಕ್ರಿಯಾಪದಗಳು ಹೀಗೇ ನಡೆಯುತ್ತಿದ್ದವು: ಮಾಡೆಂ, ಮಾಡಂ, ಮಾಡರ್. ಪುಸ್ತಕದ ಕನ್ನಡ ಈಗ ‘ಮಾಡುವುದಿಲ್ಲ’ ಎಂದು ಎಲ್ಲರಿಗೂ ಒಂದೇ ಅಂಗಿ ತೊಡಿಸಿದೆ. ನಮ್ಮ ಸೀಮೆಯ ಅಜ್ಜಿಯರ ಬಾಯಲ್ಲಿ ಮಾತ್ರ ಬೇಡವೆನ್ನುವವರು ಯಾರು ಎಂಬುದು ಬೇಡವೆನ್ನುವ ಮಾತಿನೊಳಗೇ ಉಳಿದಿದೆ.

ಫಿನ್ನಿಶ್ ಈ ವಿಷಯದಲ್ಲಿ ಅಜ್ಜಿಯ ಪಕ್ಷ. ಅಲ್ಲಿ ‘ಅಲ್ಲ’ ಎನ್ನುವುದೇ ಒಂದು ಕ್ರಿಯಾಪದ: ನಾನಾದರೆ ಎನ್, ನೀನಾದರೆ ಎತ್, ಅವನೋ ಅವಳೋ ಆದರೆ ಎಯ್, ನಾವಾದರೆ ಎಮ್ಮೆ. (ನಮ್ಮ ಎಮ್ಮೆಗೂ ಅದಕ್ಕೂ ಸಂಬಂಧವಿಲ್ಲ, ನಗಬೇಡಿ.) ‘ಎನ್ ಯುಓ’ ಎಂದರೆ ನಾ ಕುಡಿಯೆ. ಟಗಾಲೋಗ್‌ನ ದಾರಿ ಬೇರೆ. ‘ಒಲ್ಲೆ’ಗೆ ಅಲ್ಲಿ ‘ಅಯಾವ್’. ನಾನು ಅಂದರೂ ನೀನು ಅಂದರೂ ಅದು ಅಲುಗುವುದಿಲ್ಲ. ಅಯಾವ್ ಕೊ, ಅಯಾವ್ ಮೊ. ಇನ್ನು ಬರಿಯ ‘ಇಲ್ಲ, ಅಲ್ಲ’ಕ್ಕೆ ಆ ಭಾಷೆಯ ಶಬ್ದ ‘ಹಿಂದಿ’. ಇದರ ಮೇಲೆ ನಾನು ಟಿಪ್ಪಣಿ ಬರೆಯುವುದಿಲ್ಲ.

ಪದ ಕಟ್ಟುವ ಬಗೆಗೆ ಬಂದರೂ ಇದೇ ಕಥೆ. ಫಿನ್ನಿಶ್‌ನಲ್ಲಿ ‘ತಲೊ’ ಅಂದರೆ ಮನೆ. ತಲೊಸ್ಸ ಎಂದರೆ ಮನ್ಯಾಗ, ತಲೊಸ್ತ ಎಂದರೆ ಮನಿಂದ, ತಲೋನ್ ಎಂದರೆ ಮನಿಯೊಳಗ ಹೋಗುವಂಥದ್ದು. ಹದಿನೈದು ವಿಭಕ್ತಿ ಎಂದು ಕೇಳಿ ಇಂಗ್ಲಿಷಿನವರು ಬೆಚ್ಚುತ್ತಾರೆ. ಶಾಲೆಯಲ್ಲಿ ಉ, ಅನ್ನು, ಇಂದ, ಗೆ ಎಂದು ರಾಗವಾಗಿ ಹಾಡಿದ ನಮಗೆ ಅದು ಲೆಕ್ಕದಲ್ಲಿ ಹೆಚ್ಚು, ಅಷ್ಟೇ. ಒತ್ತಕ್ಷರದ ಮಾತೂ ಹಾಗೇ: ಅವರಲ್ಲಿ ‘ಕುಕ’ ಅಂದರೆ ಯಾರು, ‘ಕುಕ್ಕ’ ಅಂದರೆ ಹೂವು. ಹಳಿಯನ್ನೂ ಹಳ್ಳಿಯನ್ನೂ ಬೇರೆ ಮಾಡಿ ಕೇಳುವ ಕಿವಿಗೆ ಇದೇನು ಕಷ್ಟ?

ಆದರೆ ಟಗಾಲೋಗ್ ಬಾಲಕ್ಕೆ ಹಚ್ಚುವುದರಲ್ಲೇ ತೃಪ್ತಿಪಡುವ ಭಾಷೆಯಲ್ಲ. ‘ಸುಲತ್’ ಎಂದರೆ ಬರಹ. ಅದರ ಹೊಟ್ಟೆ ಸೀಳಿ ‘ಉಮ್’ ತುಂಬಿದರೆ ಸುಮುಲತ್, ಅಂದರೆ ಬರೆದ. ‘ಇನ್’ ತುಂಬಿದರೆ ಸಿನುಲತ್, ಬರೆದದ್ದರ ಮೇಲೆ ಗಮನ. ಬದನೆಕಾಯಿ ಸೀಳಿ ಮಸಾಲೆ ತುಂಬುವ ನಮ್ಮ ಎಣಗಾಯಿಯ ಕೆಲಸವೇ. ಮೊದಲ ಅಕ್ಷರ ಎರಡು ಸಲ ನುಡಿದರೆ ಸುಸುಲತ್, ಬರೆಯಲಿರುವವ. ನನ್ನ ರುಚಿ ಕೇಳಿದರೆ, ಕಾಣುವ ಸೊಗಸು ಇದರದೇ. ಫಿನ್ನಿಶ್ ನನಗೆ ಪರಿಚಿತ ಅಂಗಳ, ಟಗಾಲೋಗ್ ಜಾತ್ರೆ.

ಒಂದು ಕಡೆ ಮಾತ್ರ ಅವೆರಡೂ ಕೂಡಿ ನಮ್ಮನ್ನು ಹೊರಗಿಡುತ್ತವೆ. ಫಿನ್ನಿಶ್‌ನ ‘ಹ್ಯಾನ್’ಗೂ ಟಗಾಲೋಗ್‌ನ ‘ಸಿಯಾ’ಗೂ ಅವ, ಆಕಿ ಎಂಬ ಭೇದವಿಲ್ಲ. ‘ನಾವು’ ಎನ್ನುವಾಗ ಗುಂಪು ಮತ್ತೆ ಬದಲಾಗುತ್ತದೆ: ಟಗಾಲೋಗ್‌ನಲ್ಲಿ ಕೇಳುವವನನ್ನೂ ಸೇರಿಸಿದರೆ ‘ತಾಯೊ’, ಬಿಟ್ಟರೆ ‘ಕಮಿ’. ಜತ್ತ ಸಂತೆಯ ಮರಾಠಿಯಲ್ಲಿ ‘ಆಪಣ್’, ‘ಆಮ್ಹಿ’ ಕೇಳಿದವರಿಗೆ ಇದು ಹೊಸದಲ್ಲ. ಕನ್ನಡವೂ ಫಿನ್ನಿಶ್ಶೂ ಇಲ್ಲಿ ಒಂದೇ ‘ನಾವು’ ಇಟ್ಟುಕೊಂಡು ಸುಮ್ಮನಿವೆ.

ಇಷ್ಟೊಂದು ಹೋಲಿಕೆ ಕಂಡು ಮೋಸಹೋದವರೂ ಇದ್ದಾರೆ. ತಿರುನೆಲ್ವೇಲಿಯ ಮಿಶನರಿ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದು, ಇವು ‘ಸಿಥಿಯನ್’ ಬಳಗದವು, ಫಿನ್ನಿಶ್ ಕಡೆಗೆ ಹತ್ತಿರ ಎಂದ. ದ್ರಾವಿಡ ಭಾಷೆಗಳದೇ ಒಂದು ಕುಟುಂಬ ಎಂದು ಅವನು ತೋರಿದ್ದು ನಿಂತಿತು. ಸಿಥಿಯನ್ ನೆಂಟಸ್ತನ ಬಿದ್ದುಹೋಯಿತು. ಫಿನ್ನಿಶ್ ಯುರಾಲಿಕ್, ಎಸ್ಟೋನಿಯನ್‌ನ ತಂಗಿ. ಟಗಾಲೋಗ್ ಆಸ್ಟ್ರೋನೇಶಿಯನ್, ಮಲಯ ಭಾಷೆಯ ಬಳಗ. ಕಟ್ಟಡದ ನಕ್ಷೆ ಒಂದೇ ಆದರೆ ಮನೆತನ ಒಂದೇ ಆಗಬೇಕಿಲ್ಲ.

ಮೂವರ ಮನೆಗೂ ಒಬ್ಬರೇ ಅತಿಥಿ ಬಂದದ್ದು ಮಾತ್ರ ಖರೆ. ಫಿನ್ನಿಶ್‌ನಲ್ಲಿ ನೂರಕ್ಕೆ ‘ಸತ’, ಸುತ್ತಿಗೆಗೆ ‘ವಸರ’; ಸಾವಿರಾರು ವರ್ಷ ಹಿಂದೆ ಇಂಡೋ-ಇರಾನಿಯನ್ನರಿಂದ ಪಡೆದವು, ನಮ್ಮ ಶತ ಮತ್ತು ವಜ್ರದ ಬಂಧುಗಳು. ಟಗಾಲೋಗ್‌ನಲ್ಲಿ ಶಿಕ್ಷಕ ‘ಗುರೊ’, ಮೋರೆ ‘ಮುಖ’, ಭರವಸೆ ‘ಆಸ’. ಮನಿಲಾದ ಹತ್ತಿರದ ಲಗುನಾದಲ್ಲಿ 1989ರಲ್ಲಿ ಸಿಕ್ಕ ತಾಮ್ರಪಟ ಒಂದು ಸಾಲ ತೀರಿದ್ದಕ್ಕೆ ಕೊಟ್ಟ ಪತ್ರ. ಅದರ ಮೇಲೆ ಶಕವರ್ಷ 822, ವೈಶಾಖ ಮಾಸ ಎಂದಿದೆ, ಕ್ರಿ.ಶ. 900. ಆಗ ನಮ್ಮ ಈ ಸೀಮೆಯನ್ನು ಮಾನ್ಯಖೇಟದಿಂದ ರಾಷ್ಟ್ರಕೂಟರ ಎರಡನೇ ಕೃಷ್ಣ ಆಳುತ್ತಿದ್ದ, ಇಲ್ಲಿಯ ಕಲ್ಲುಗಳ ಮೇಲೂ ಅದೇ ಶಕವರ್ಷ ಕೊರೆಯುತ್ತಿದ್ದರು. ಸಾಲಪತ್ರದ ತಿಥಿಯನ್ನು ನಮ್ಮ ಪಂಚಾಂಗದವರು ಓದಿಯಾರು.

ಅಜ್ಜಿಗೆ ಇದನ್ನೆಲ್ಲ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಆಕೆಯ ಉತ್ತರ ಅದೇ ಇತ್ತು.

ಟಿಕೋಟಾ, ಬಬಲೇಶ್ವರ, ಜತ್ತ ಕಡೆಯ ಓದುಗರಲ್ಲಿ ಒಂದು ವಿನಂತಿ. ‘ಒಲ್ಲೆ’, ‘ಅರಿಯೆ’ಗಳ ಹಾಗೆ ‘ಇಲ್ಲ’ದ ಹಂಗಿಲ್ಲದೆ ನಿಷೇಧ ಹೇಳುವ ಬೇರೆ ಮಾತುಗಳು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದರೆ, ಯಾರು ಯಾವಾಗ ಅಂದರೆಂಬುದರ ಸಮೇತ ಬರೆದು ಕಳಿಸಿ.